ಕಲ್ಲುಗಂಟು

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಎಲೆ ಅಡಿಕೆಯ ತಟ್ಟೆ ಕೈ ಬದಲಾಗುವ ಮೊದಲು, ಸ್ವರೂಪಾ ತನ್ನ ನಿಶ್ಚಿತಾರ್ಥವನ್ನು ತಾನೇ ನಿಲ್ಲಿಸಿದಳು.

ತಾಂಡೂರಿನಲ್ಲಿ ಫರಸಿ ಕಲ್ಲು ಪಾಲಿಷ್ ಮಾಡುವ ಮಿಲ್ಲುಗಳ ಹಿಂದಿನ ಓಣಿಯಲ್ಲಿ ಅವರ ಮನೆ. ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚಿ ತ್ರಿಶರಣ ಹೇಳಿ ಮುಗಿದಿತ್ತು. ಜಹೀರಾಬಾದಿನಿಂದ ಬಂದ ಸೋದರತ್ತೆ ಮೈಸಮ್ಮ ಹೊಸ ಸೀರೆಯ ಮಡಿಕೆ ಮುರಿಯದಂತೆ ಗೋಡೆಗೆ ಒರಗಿ ಕುಳಿತಿದ್ದಳು. ಪಕ್ಕದಲ್ಲಿ ಅವಳ ಮಗ ಶರಣಕುಮಾರ. ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ಈ ಮನೆತನದಲ್ಲಿ ವಿಚಾರ ಮಾಡುವ ಸಂಗತಿಯೇ ಅಲ್ಲ, ಹುಡುಗಿ ತೊಟ್ಟಿಲಲ್ಲಿದ್ದಾಗಲೇ ಆಗಿಹೋದ ಮಾತು. ಉಳಿದದ್ದು ಒಂದೇ ಶಾಸ್ತ್ರ, ಕೈ ಹಿಡಿಯುವುದು. ಹೆಣ್ಣಿನ ಕಡೆಯ ಹಿರಿಯ ಹುಡುಗನ ಬಲಗೈಯ ಮುಷ್ಟಿ ಕಟ್ಟಿಸಿ ಗೆಣ್ಣುಗಳನ್ನು ಒತ್ತಿ ನೋಡಬೇಕು. ಗೆಣ್ಣಿನ ಮೇಲೆ ಗಟ್ಟಿ ಗಂಟು ಸಿಕ್ಕರೆ ದುಡಿಯುವ ಗಂಡು ಎಂದು ಅರ್ಥ. ಖಣಿಯಲ್ಲಿ ಸುತ್ತಿಗೆ ಹಿಡಿದು ಫರಸಿ ಎಬ್ಬಿಸಿದವರ ಕೈಗೆ ಬರುವ ಗುರುತು ಅದು ಎಂದು ಮೂರು ತಲೆಮಾರಿನಿಂದ ಅವರು ನಂಬಿದ್ದರು. ಅದಕ್ಕೆ ಕಲ್ಲುಗಂಟು ಎಂದೇ ಹೆಸರು.

ಹಿರಿಯ ಎಂದರೆ ಮಾಣಿಕಪ್ಪ. ಸ್ವರೂಪಾಳ ಅಪ್ಪ ಸಾಯಪ್ಪನಿಗೆ ಸೋದರಮಾವ, ಇಡೀ ಆಯುಷ್ಯ ಖಣಿಯಲ್ಲಿ ಕಳೆದ ಮುದುಕ. ಅವನು ಶರಣಕುಮಾರನ ಮುಷ್ಟಿ ಹಿಡಿದು, ಬೆರಳಿನಿಂದ ಒಂದೊಂದೇ ಗೆಣ್ಣು ಒತ್ತಿ, ಕಣ್ಣು ಅರಳಿಸಿದ.

"ನೋಡ್ರೆಪಾ, ಇದು ನಮ್ಮ ಸಾಯಪ್ಪನ ಕೈನೇ ಅದ. ಖರೇ ಕಲ್ಲಿನ ರಗತ."

ಬಾಗಿಲ ಬಳಿ ನಿಂತಿದ್ದ ಸ್ವರೂಪಾ ಆಗ ಮುಂದೆ ಬಂದು ಭಾವೀ ಗಂಡನ ಕೈಯನ್ನು ಹತ್ತಿರದಿಂದ ನೋಡಿದಳು. ನಡುಬೆರಳಿನ ಗೆಣ್ಣಿನ ಮೇಲೆ ಕಡಲೆಕಾಳಿನಷ್ಟು ದಪ್ಪದ ಗಂಟು, ಪಕ್ಕದ ಬೆರಳಿನ ಮೇಲೆ ಇನ್ನೊಂದು. ಮುಷ್ಟಿ ಬಿಗಿದಾಗ ಚರ್ಮದ ಕೆಳಗೆ ಸರಿಯುತ್ತಿದ್ದವು. ಶರಣಕುಮಾರ ಐಟಿಐ ಮುಗಿಸಿದಂದಿನಿಂದ ಜಹೀರಾಬಾದಿನ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಬಿಲ್ಲು ಹಾಕುವವನು. ಅವನು ಸುತ್ತಿಗೆ ಹಿಡಿದವನೇ ಅಲ್ಲ.

"ಮುತ್ಯಾ, ತಟ್ಟಿ ಮುಟ್ಟಬ್ಯಾಡ," ಎಂದಳು. "ಬಾವಾನ ರಗತ ತಪಾಸ್ ಆಗೋತನಕ ಈ ಮದುವಿ ಮಾತು ಇಲ್ಲ."

ಮಾತು ಹಾಗೆ ಒಮ್ಮೆಲೇ ಹುಟ್ಟಿದ್ದಲ್ಲ. ಚಳಿಗಾಲದಲ್ಲಿ, ಅವಳು ಕಿರಿಯ ಸಹಾಯಕಿಯಾಗಿರುವ ಬಶೀರಾಬಾದ್ ಮಂಡಲ ಕಚೇರಿಯಲ್ಲಿ ನೌಕರರಿಗೆ ಆರೋಗ್ಯ ತಪಾಸಣೆ ನಡೆದಿತ್ತು. ಸ್ವರೂಪಾಳ ಕೆಟ್ಟ ಕೊಲೆಸ್ಟರಾಲ್, ಅಂದರೆ ಎಲ್‌ಡಿಎಲ್, ಇನ್ನೂರ ಅರವತ್ತೆಂಟು ಬಂತು. ನೂರರ ಆಸುಪಾಸಿನಲ್ಲಿ ಇರಬೇಕಾದದ್ದು ಅದು. ಇಪ್ಪತ್ತಾರು ವಯಸ್ಸಿನ, ಗಾಳಿಗೆ ಹಾರುವಂತಿದ್ದ ಹುಡುಗಿ. ಕಚೇರಿಯವರು ಯಂತ್ರ ಕೆಟ್ಟಿದೆ ಎಂದು ನಕ್ಕರು. ತನ್ನ ಅಂಕಿ ಇವಳಿಗೆ ಬಂದಿರಬೇಕೆಂದು ದಪ್ಪನೆಯ ಸೂಪರಿಂಟೆಂಡೆಂಟ್ ತಾನೇ ಚೇಷ್ಟೆ ಮಾಡಿದ. ಮತ್ತೆ ಪರೀಕ್ಷೆ ಮಾಡಿಸಿದರೂ ಅಂಕಿ ಕದಲಲಿಲ್ಲ.

ತಾಂಡೂರಿನ ವೈದ್ಯೆ ಶಕುಂತಲಾಬಾಯಿ ಅಂಕಿ ನೋಡಿದ ಮೇಲೆ ಚಪ್ಪಲಿ ಬಿಚ್ಚಿಸಿ ಅವಳ ಹಿಮ್ಮಡಿಯ ಮೇಲಿನ ಹಗ್ಗದಂಥ ಸ್ನಾಯುರಜ್ಜುವನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಅದು ಇರಬೇಕಾದ್ದಕ್ಕಿಂತ ದಪ್ಪವಾಗಿತ್ತು. ಅಪ್ಪ ಹೇಗೆ ತೀರಿಕೊಂಡರು ಎಂದು ಕೇಳಿದರು. ಎದೆ ಹಿಡಿದುಕೊಂಡು, ನಲವತ್ತೆರಡನೆಯ ವಯಸ್ಸಿಗೆ, ಎಂದಳು. ಅಪ್ಪನ ಅಣ್ಣ? ಅವರೂ ಹಾಗೆಯೇ, ಇನ್ನೂ ಚಿಕ್ಕ ವಯಸ್ಸಿಗೆ. ಅವರ ಕೈಗೆಣ್ಣಿನ ಮೇಲೆ ಗಂಟುಗಳಿದ್ದವೇ? ಇದ್ದವು, ಅದು ಕಲ್ಲು ಒಡೆದದ್ದಕ್ಕೆ, ಎಂದು ಸ್ವರೂಪಾ ವಿವರಿಸಿದಳು. ವೈದ್ಯೆ ತಲೆ ಅಲ್ಲಾಡಿಸಿದರು. ಅದು ಕಲ್ಲಲ್ಲ, ಸ್ನಾಯುರಜ್ಜುವಿನ ಮೇಲೆ ಕಟ್ಟಿಕೊಂಡ ಕೊಬ್ಬು.

ಆಮೇಲೆ ಅವರು ಹೇಳಿದ್ದನ್ನು ಸ್ವರೂಪಾ ಬಸ್ಸಿನಲ್ಲಿ ಕುಳಿತು ಮತ್ತೆ ಮತ್ತೆ ನೆನಪು ಮಾಡಿಕೊಂಡಿದ್ದಳು. ರಕ್ತದಲ್ಲಿರುವ ಕೊಲೆಸ್ಟರಾಲಿನಲ್ಲಿ ಊಟದಿಂದ ಬರುವುದು ಸಣ್ಣ ಪಾಲು, ಹೆಚ್ಚಿನದನ್ನು ದೇಹವೇ ತಯಾರಿಸುತ್ತದೆ. ಹೆಚ್ಚಾದದ್ದನ್ನು ರಕ್ತದಿಂದ ಹಿಂದಕ್ಕೆ ಎಳೆದುಕೊಳ್ಳುವುದು ಯಕೃತ್ತಿನ ಕೆಲಸ, ಅದಕ್ಕೆ ಅಲ್ಲಿ ಬಾಗಿಲುಗಳಂಥವು ಇರುತ್ತವೆ. ಆ ಬಾಗಿಲು ಮಾಡುವ ವಂಶವಾಹಿ ತಂದೆಯಿಂದ ಒಂದು, ತಾಯಿಯಿಂದ ಒಂದು ಬರುತ್ತದೆ. ಒಂದು ಕೆಟ್ಟಿದ್ದರೆ ಬಾಗಿಲುಗಳು ಅರ್ಧ. ಹುಟ್ಟಿದ ದಿನದಿಂದಲೇ ರಕ್ತದಲ್ಲಿ ಕೊಬ್ಬು ನಿಲ್ಲತೊಡಗುತ್ತದೆ. ವಂಶವಾಹಿಯ ಪರೀಕ್ಷೆ ಮಾಡಿಸಿದರೆ ಪೂರ್ತಿ ಖಚಿತವಾಗುತ್ತದೆ, ಆದರೆ ಈ ಅಂಕಿ, ಈ ಹಿಮ್ಮಡಿ, ಇಂಥ ಸಾವುಗಳು ಒಟ್ಟಿಗೆ ಇದ್ದಾಗ ತಮಗೆ ಅನುಮಾನ ಉಳಿದಿಲ್ಲ ಎಂದರು.

ಗುಳಿಗೆ ಬೇಡ, ಊಟದಲ್ಲೇ ಇಳಿಸುತ್ತೇನೆ ಎಂದು ಸ್ವರೂಪಾ ಹಟ ಹಿಡಿದಳು. ಎಣ್ಣೆ ಬಿಟ್ಟಳು, ಮೊಟ್ಟೆಯ ಹಳದಿ ಬಿಟ್ಟಳು, ಭಾನುವಾರದ ಮಟನ್ ಬಿಟ್ಟಳು. ಜೋಳದ ರೊಟ್ಟಿ, ಪುಂಡಿ ಪಲ್ಯ, ಬೇಳೆ. ಬಸ್ ನಿಲ್ದಾಣದಿಂದ ಕಚೇರಿಗೆ ಆಟೋ ಬಿಟ್ಟು ನಡೆದಳು. ಹೋಳಿಯ ಹೊತ್ತಿಗೆ ಅಂಕಿ ಇನ್ನೂರ ನಲವತ್ತಕ್ಕೆ ಬಂತು, ಅಲ್ಲಿಂದ ಮುಂದೆ ಇಳಿಯಲಿಲ್ಲ. ಇದು ಕಡಿಮೆ ಸಾಧನೆಯಲ್ಲ, ಊಟ ನಡಿಗೆ ಎರಡನ್ನೂ ಬಿಡಬೇಡ, ಆದರೆ ಅವುಗಳ ಕೈಯಲ್ಲಿ ಇರುವುದು ಇಷ್ಟೇ ಎಂದು ವೈದ್ಯೆ ಗುಳಿಗೆ ಬರೆದರು. ಮಗು ಬೇಕೆನಿಸಿದಾಗ ಮೊದಲೇ ಬಂದು ಹೇಳಬೇಕು, ಆ ಅವಧಿಗೆ ಗುಳಿಗೆ ನಿಲ್ಲಿಸಬೇಕಾಗುತ್ತದೆ ಎಂದೂ ಎಚ್ಚರಿಸಿದರು. ಅಪ್ಪನ ಕಡೆಯ ರಕ್ತಸಂಬಂಧಿಗಳೆಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದದ್ದೂ ಅವತ್ತೇ.

ಸ್ವರೂಪಾ ಇದನ್ನು ತಾಯಿ ಯಶೋಧಾಗೆ ಹೇಳಿದಳು. ಯಶೋಧಾ ಪಾಲಿಷ್ ಮಿಲ್ಲಿನಲ್ಲಿ ಕೂಲಿಗೆ ಹೋಗುವವಳು, ಮಾತು ಕಡಿಮೆ. ಅವಳು ಮಗಳ ಬಾಯಿಯ ಮೇಲೆ ಕೈಯಿಟ್ಟಳು. ಹುಡುಗಿಯ ಬೇನೆ ಹೊಸ್ತಿಲು ದಾಟಬಾರದು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಸಾಯಪ್ಪ ಸತ್ತಂದಿನಿಂದ ಮೈಸಮ್ಮ ಎಲ್ಲ ಮದುವೆ ಮುಂಜಿಯಲ್ಲಿ ಒಂದು ಮಾತು ಆಡುತ್ತ ಬಂದಿದ್ದಳು: ಅತ್ತಿಗೆಯ ಎಣ್ಣೆ ಕೈ ನಮ್ಮಣ್ಣನನ್ನು ತಿಂದಿತು. ಮಗಳನ್ನು ಆ ಮನೆಗೇ ಕೊಟ್ಟರೆ ಆ ಮಾತು ಅಲ್ಲಿಗೆ ನಿಲ್ಲುತ್ತದೆ ಎಂಬುದು ಯಶೋಧಾಳ ಆಸೆ. ಸ್ವರೂಪಾ ತಾಯಿಯ ಸಲುವಾಗಿ ಬಾಯಿ ಮುಚ್ಚಿದಳು, ಅರ್ಧ ಮಾತ್ರ. ಶರಣಕುಮಾರನಿಗೆ ಫೋನು ಮಾಡಿ ರಕ್ತ ಪರೀಕ್ಷೆ ಮಾಡಿಸಿಕೋ ಎಂದಿದ್ದಳು. ಮದುವೆಗೆ ಕುಂಡಲಿ ನೋಡುವುದು ಬಿಟ್ಟೆವೆಂದರೆ ಈಗ ರಕ್ತ ನೋಡುವ ಕಾಲ ಬಂತೇ ಎಂದು ಅವನು ನಗೆಯಾಡಿ ಫೋನು ಇಟ್ಟಿದ್ದ.

ಈಗ ನಿಶ್ಚಿತಾರ್ಥದ ದಿನ ಆ ಕೈ ನೋಡಿದ ಮೇಲೆ ನಗೆಗೆ ಜಾಗ ಉಳಿಯಲಿಲ್ಲ.

ಮೊದಲು ಮಾತನಾಡಿದವಳು ಮೈಸಮ್ಮ. ಅವಳು ಎದ್ದು ನಿಲ್ಲಲೂ ಇಲ್ಲ. ನೌಕರಿ ಸಿಕ್ಕ ಹುಡುಗಿಗೆ ಅಂಗಡಿಯ ಹುಡುಗ ಸಣ್ಣವನಾಗಿ ಕಂಡಿದ್ದಾನೆ, ಅದಕ್ಕೆ ರಕ್ತ ಗಿಕ್ತ ಎಂದು ನೆವ ತೆಗೆದಿದ್ದಾಳೆ ಎಂದಳು. ತನ್ನ ಮಗ ಕಲ್ಲಿನಂತಿದ್ದಾನೆ, ಜ್ವರ ಎಂದು ಒಂದು ದಿನ ಮಲಗಿದವನಲ್ಲ ಎಂದಳು. ಆಮೇಲೆ ಅತ್ತಿಗೆಯ ಕಡೆ ತಿರುಗಿದಳು.

"ಅಣ್ಣನ್ನ ಎಣ್ಣಿಯಾಗ ಕರದು ತಿಂದ್ರಿ. ಈಗ ನಮ್ಮ ಹುಡುಗನ ಮ್ಯಾಗ ರೋಗ ಹೊರಸ್ತೀರಿ."

ಯಶೋಧಾ ತಲೆ ತಗ್ಗಿಸಿದಳು. ಅದನ್ನು ನೋಡಿ ಸ್ವರೂಪಾಳ ದನಿ ಏರಲಿಲ್ಲ, ಇನ್ನಷ್ಟು ಇಳಿಯಿತು.

"ಬಾವಾ, ನೀ ಯಾವಾಗ ಕಲ್ಲು ಒಡದಿ?"

ಶರಣಕುಮಾರ ತಾಯಿಯ ಮುಖ ನೋಡಿದ. "ನಾ ಎಲ್ಲಿ ಒಡೀಲಿ? ಬಿಲ್ ಹಾಕ್ತೀನಿ."

"ಮತ್ತ ಈ ಗಂಟು ಎಲ್ಲಿಂದ ಬಂದವು? ಬಿಲ್ ಹಾಕಿ ಬಂದವೇನು?"

ಓಣಿಯ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಸ್ವರೂಪಾ ಮಾಣಿಕಪ್ಪನ ಕೈ ಹಿಡಿದು ಎಲ್ಲರ ಎದುರು ಮುಷ್ಟಿ ಕಟ್ಟಿಸಿದಳು. ಅಂಗೈ ತುಂಬ ಜಡ್ಡುಗಟ್ಟಿದ ಚರ್ಮ, ಒಂದು ಬೆರಳಿನ ತುದಿ ಇಲ್ಲ, ಆದರೆ ಗೆಣ್ಣುಗಳು ಸಪಾಟು.

"ಮುತ್ಯಾ, ಈ ಓಣ್ಯಾಗ ನಿನ್ನಷ್ಟು ಕಲ್ಲು ಯಾರೂ ಒಡದಿಲ್ಲ. ನಿನ್ನ ಗಂಟು ಎಲ್ಲಿ ಹೋದವು?"

"ಖಣಿ ಬಿಟ್ಟ ಮ್ಯಾಗ ಕರಗಿದವು," ಎಂದ ಮುದುಕ. ಎಲ್ಲರಿಗೂ ಗೊತ್ತಿದ್ದ ಉತ್ತರ, ಅವನು ಎಷ್ಟೋ ಸಲ ಕೊಟ್ಟದ್ದು. ಈ ಸಲ ಹೇಳಿದ ಮೇಲೆ ತನ್ನ ಕೈಯನ್ನು ತಾನೇ ತಿರುಗಿಸಿ ನೋಡಿಕೊಂಡ. ಖರೆ ಹೇಳಬೇಕೆಂದರೆ ತನಗೆ ಗಂಟು ಬಂದೇ ಇರಲಿಲ್ಲ, ಬಂದಿಲ್ಲವೆಂದರೆ ಮಂದಿ ಮೈಗಳ್ಳನೆನ್ನುತ್ತಾರೆಂದು ಹಾಗೆ ಹೇಳುತ್ತ ಬಂದೆ ಎಂದ.

ಅವನು ಭಾನುವಾರಕ್ಕೊಮ್ಮೆ ಖೀಮಾ ತಿನ್ನುವವನು, ಬೀಡಿ ಸೇದುವವನು, ಎಂಬತ್ತರ ಹತ್ತಿರದವನು. ಯಶೋಧಾಳ ಕೈಯ ಅಡುಗೆಯನ್ನೇ ವರ್ಷಗಟ್ಟಲೆ ಉಂಡವನು. ಅವನ ಒಡಹುಟ್ಟಿದವಳು ಈ ಕುಟುಂಬಕ್ಕೆ ಸೊಸೆಯಾಗಿ ಬಂದವಳು, ಸಾಯಪ್ಪನ ತಂದೆಯ ರಕ್ತ ಅವನಲ್ಲಿಲ್ಲ. ಸ್ವರೂಪಾ ಇದೆಲ್ಲವನ್ನೂ ನಿಧಾನವಾಗಿ, ಕಚೇರಿಯಲ್ಲಿ ಅರ್ಜಿದಾರರಿಗೆ ತಿಳಿಸುವ ರೀತಿಯಲ್ಲಿ ಹೇಳಿದಳು. ಬೀಡಿಯಿಂದ ಏನೂ ಆಗುವುದಿಲ್ಲ ಎಂದು ಯಾರೂ ತಿಳಿಯಬಾರದು, ಅವನಿಗೆ ನಸೀಬು ಚೆನ್ನಾಗಿದೆ ಅಷ್ಟೇ ಎಂದೂ ಸೇರಿಸಿದಳು. ಕೊನೆಗೆ ಮುಚ್ಚಿಟ್ಟದ್ದನ್ನೂ ಹೇಳಿದಳು.

"ಇದು ನನಗೂ ಅದ. ಗುಳಿಗಿ ತಗೋತೀನಿ. ಅವ್ವನ ಎಣ್ಣಿಯಿಂದ ಬಂದಿದ್ದಲ್ಲ, ಅಪ್ಪನಿಂದ ಬಂದದ್ದು. ಅಪ್ಪಗ ಅವರಪ್ಪನಿಂದ, ಅವರ ಕೈಮ್ಯಾಗೂ ಇವೇ ಗಂಟು ಇದ್ದವಂತ. ಇನ್ನ ಮುಂದ ಈ ಮನ್ಯಾಗ ಯಾರೂ ನಮ್ಮವ್ವನ ಕೈ ಹೆಸರು ತಗೀಬ್ಯಾಡ್ರಿ."

ಮೈಸಮ್ಮ ತಂದ ತಟ್ಟೆಯನ್ನು ಹಾಗೆಯೇ ಎತ್ತಿಕೊಂಡು ಮಗನನ್ನು ಎಬ್ಬಿಸಿದಳು. ಬೇನೆ ಇರುವ ಹುಡುಗಿಯನ್ನು ದಾಟಿಸಲು ನೋಡಿದ್ದರು, ಬುದ್ಧ ಕಾಪಾಡಿದ ಎಂದು ಓಣಿಯ ತುದಿಯವರೆಗೂ ಹೇಳುತ್ತ ಹೋದಳು. ಮಾಡಿಟ್ಟ ಅನ್ನ, ಬದನೆಕಾಯಿಯ ಬಗಾರಾ ಬೈಂಗನ್ ಮಧ್ಯಾಹ್ನ ಓಣಿಯವರಿಗೆ ಹೋಯಿತು. ಪಾತ್ರೆ ತಿಕ್ಕುತ್ತ ಯಶೋಧಾ ಒಂದೇ ಮಾತು ಆಡಿದಳು. ಗಂಡ ಸತ್ತ ಮೇಲೆ ತಾನು ಒಂದು ಬಜ್ಜಿಯನ್ನೂ ಕರಿದು ತಿಂದಿಲ್ಲ ಎಂದಳು. ಸ್ವರೂಪಾಳಿಗೆ ಅದು ಗೊತ್ತಿರಲಿಲ್ಲ. ಅವ್ವನಿಗೆ ಬಜ್ಜಿ ಸೇರುವುದಿಲ್ಲ ಎಂದು ತಿಳಿದಿದ್ದಳು.

ಸುದ್ದಿ ಬಶೀರಾಬಾದಿನ ಬಸ್ಸಿಗಿಂತ ಮುಂಚೆ ಬಶೀರಾಬಾದಿಗೆ ಮುಟ್ಟಿತು. ಹೃದಯದಲ್ಲಿ ತೂತಿದೆಯಂತೆ ಎಂದು ಒಬ್ಬರು, ಮಕ್ಕಳಾಗುವುದಿಲ್ಲವಂತೆ ಎಂದು ಇನ್ನೊಬ್ಬರು. ಸ್ವರೂಪಾ ಎರಡನ್ನೂ ಅಲ್ಲಲ್ಲಿಯೇ ತಿದ್ದಿದಳು. ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದ ಗುಳಿಗೆಯನ್ನು ಈಗ ಕಚೇರಿಯಲ್ಲಿ ಎಲ್ಲರೂ ಊಟಕ್ಕೆ ಕುಳಿತಾಗ ನುಂಗತೊಡಗಿದಳು. ಕೇಳಿದವರಿಗೆ ಹೆಸರು, ಅಂಕಿ ಎರಡೂ ಹೇಳಿದಳು. ಅಂಕಿ ಆಗ ನೂರ ಮೂವತ್ತಕ್ಕೆ ಇಳಿದಿತ್ತು. ಸೂಪರಿಂಟೆಂಡೆಂಟ್ ಚೇಷ್ಟೆ ಬಿಟ್ಟು ತನ್ನದನ್ನೂ ತೋರಿಸಲು ಬಂದ. ಅವನದು ಬರೀ ಊಟ ಮತ್ತು ಕುರ್ಚಿಯ ಫಲವಿರಬಹುದು, ಒಂದಿಷ್ಟು ನಡೆದು ನೋಡ್ರಿ ಸಾರ್ ಎಂದಳು.

ಆದರೆ ಆ ಗಂಟುಗಳು ಅವಳ ಕಣ್ಣಿಂದ ಹೋಗಲಿಲ್ಲ. ಎರಡನೆಯ ಶನಿವಾರ ಅವಳು ಜಹೀರಾಬಾದಿನ ಬಸ್ಸು ಹತ್ತಿದಳು. ಅತ್ತೆಯ ಮನೆಗೆ ಹೋಗದೆ ನೇರ ಅಂಗಡಿಗೆ ಹೋದಳು. ಶರಣಕುಮಾರ ಕೌಂಟರಿನ ಹಿಂದೆ ಬೇರಿಂಗಿನ ಡಬ್ಬಿಗಳ ನಡುವೆ ಕುಳಿತಿದ್ದ. ಎದುರಿನ ಹೋಟೆಲಿಗೆ ಕರೆದೊಯ್ದು ಚಹಾ ಹೇಳಿದ, ಸಿಗರೇಟು ಹಚ್ಚಿದ.

"ಮದುವಿ ಬ್ಯಾಡ ಅಂದಿ. ಮತ್ಯಾಕ ಬಂದಿ?"

"ಮದುವಿ ಬ್ಯಾಡ ಅಂದೀನಿ, ನೀ ಸಾಯಿ ಅಂದಿಲ್ಲ. ಅದನ್ನ ಒಗಿ ಮೊದಲ."

ಅವನು ಒಗೆಯಲಿಲ್ಲ, ಆದರೆ ಸೇದಲೂ ಇಲ್ಲ. ಬೆರಳ ನಡುವೆ ಅದು ಬೂದಿಯಾಗುತ್ತಿರಲು, ಆ ಭಾನುವಾರದಿಂದ ತನ್ನ ಕೈಯನ್ನು ಗಿರಾಕಿಗಳ ಮುಂದೆ ಇಡಲು ಮನಸ್ಸಾಗುತ್ತಿಲ್ಲ ಎಂದ. ಸಾಯಪ್ಪ ಮಾವ ಸತ್ತಾಗ ಹೆಣದ ಕೈ ಹಿಡಿದು ಕುಳಿತಿದ್ದು, ಇವೇ ಗಂಟುಗಳನ್ನು ಒತ್ತಿ ನೋಡಿದ್ದು ನೆನಪಿದೆ ಎಂದ. ತಾಯಿಗೆ ಹೇಳದೆ ಅವನು ಸೋಮವಾರ ಬೆಳಿಗ್ಗೆ ಲ್ಯಾಬಿಗೆ ಹೋದ. ಇನ್ನೂರ ಎಂಬತ್ತಮೂರು ಬಂತು.

ಇಲ್ಲಿಗೆ ಜಗಳ ಮುಗಿಯಬೇಕಿತ್ತು. ಅಲ್ಲಿಂದಲೇ ನಿಜವಾದ ಜಗಳ ಹುಟ್ಟಿತು.

ಮಗನ ಅಂಕಿ ಗೊತ್ತಾದ ಮೇಲೆ, ಅದೇ ವಾರ, ಮೈಸಮ್ಮ ತಟ್ಟೆ ಹಿಡಿದುಕೊಂಡು ತಾಂಡೂರಿಗೆ ಮತ್ತೆ ಬಂದಳು. ಈ ಸಲ ಮುಖದಲ್ಲಿ ಸಿಟ್ಟಿರಲಿಲ್ಲ. ಮಾಣಿಕಪ್ಪನನ್ನು ಕರೆಸಿದಳು, ಅತ್ತಿಗೆಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಹುಡುಗಿ ಹೇಳಿದ್ದು ಖರೆಯಾಯಿತು, ತನ್ನ ಮಾತು ತಪ್ಪಾಯಿತು ಎಂದು ಒಪ್ಪಿಕೊಂಡಳು. ಇಬ್ಬರಿಗೂ ಒಂದೇ ಬೇನೆ, ಒಂದೇ ಗುಳಿಗೆ. ಹೊರಗಿನವರು ಇವಳನ್ನು ಒಯ್ಯುವುದಿಲ್ಲ, ಅವನಿಗೆ ಕೊಡುವುದಿಲ್ಲ. ಒಬ್ಬರದು ಒಬ್ಬರಿಗೆ ಗೊತ್ತಿದೆ, ಮುಚ್ಚಿಡುವ ತ್ರಾಸಿಲ್ಲ.

"ಇದಕ್ಕಿಂತ ಛಲೋ ಜೋಡಿ ಎಲ್ಲಿ ಸಿಗ್ತದ ಹೇಳು?"

ಕೂಡಿದ್ದವರೆಲ್ಲ ತಲೆದೂಗಿದರು. ಮಾಣಿಕಪ್ಪನೂ. ಯಶೋಧಾ ಮಗಳ ಮುಖ ನೋಡಿದಳು. ಅವಳ ಎಷ್ಟೋ ವರ್ಷದ ಆಸೆ ಕೈಗೆ ಬಂದು ಕುಳಿತಿತ್ತು, ಬೈಗುಳವೂ ಹಿಂದೆ ಹೋಗಿತ್ತು. ಒಪ್ಪಿದರೆ ಎಲ್ಲ ಸರಿಹೋಗುತ್ತದೆ ಎಂದು ಸ್ವರೂಪಾಳಿಗೂ ಒಂದು ಗಳಿಗೆ ಅನಿಸಿತು. ಶರಣಕುಮಾರ ಕೆಟ್ಟವನಲ್ಲ.

"ಅತ್ತಿ, ನೀ ತಪ್ಪು ಒಪ್ಪಿಕೊಂಡಿದ್ದು ದೊಡ್ಡ ಮಾತು," ಎಂದಳು. "ಆದ್ರ ಇಬ್ಬರಿಗೂ ಅದ ಅಂತನೇ ಈ ಮದುವಿ ಆಗಾಕಿಲ್ಲ."

ಶರಣಕುಮಾರನ ಅಂಕಿ ತಿಳಿದಾಗ ವೈದ್ಯೆಯನ್ನು ಮತ್ತೆ ಕೇಳಿಕೊಂಡು ಬಂದದ್ದನ್ನು ಅವಳು ಬಿಡಿಸಿ ಹೇಳಿದಳು. ಒಬ್ಬರಿಗೆ ಮಾತ್ರ ಇದ್ದರೆ ಹುಟ್ಟುವ ಪ್ರತಿ ಮಗುವಿಗೂ ಅರ್ಧದಷ್ಟು ಸಂಭವ, ಬಂದರೂ ಗುಳಿಗೆಯಲ್ಲಿ ಹಿಡಿತಕ್ಕೆ ಸಿಗುತ್ತದೆ. ಇಬ್ಬರಿಗೂ ಇದ್ದರೆ ಮಗುವಿಗೆ ಕೆಟ್ಟದ್ದು ಎರಡೂ ಕಡೆಯಿಂದ ಬರುವ ಸಂಭವ ನಾಲ್ಕರಲ್ಲಿ ಒಂದು ಪಾಲು. ಆಗ ಬಾಗಿಲು ಅರ್ಧವಲ್ಲ, ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಶಾಲೆಗೆ ಹೋಗುವ ವಯಸ್ಸಿನಲ್ಲೇ ಗಂಟುಗಳು, ಹದಿಹರೆಯದಲ್ಲೇ ಹೃದಯಾಘಾತ. ಸಾದಾ ಗುಳಿಗೆ ಅಂಥ ಮಗುವಿಗೆ ಸಾಲದು.

ನಾಲ್ಕರಲ್ಲಿ ಮೂರು ಪಾಲು ಒಳ್ಳೆಯದಲ್ಲವೇ ಎಂದು ಮೈಸಮ್ಮ ವಾದ ಹೂಡಿದಳು. ಎಲ್ಲರ ಮನೆಯಲ್ಲೂ ಒಂದೊಂದು ಇರುತ್ತದೆ, ಅಷ್ಟು ಹೆದರಿದರೆ ಯಾರೂ ಸಂಸಾರ ಮಾಡುವಂತಿಲ್ಲ ಎಂದಳು. ಮಾಣಿಕಪ್ಪ ದನಿ ದಪ್ಪ ಮಾಡಿ, ಹಿರಿಯರು ಕೂತು ಮಾತು ಕೊಟ್ಟದ್ದಕ್ಕೆ ಬೆಲೆ ಇಲ್ಲವೇ ಎಂದ. ಹೆಣ್ಣುಮಗಳು ಇಷ್ಟು ಲೆಕ್ಕ ಹಾಕಬಾರದು ಎಂದೂ ಅಂದ.

"ಮುತ್ಯಾ, ಕೈ ಒತ್ತಿ ನೋಡಿ ನೀವೇ ಇಷ್ಟು ವರ್ಷ ಆರಿಸಿ ಆರಿಸಿ ಕೊಟ್ರಿ. ಗಂಟು ಇದ್ದವರಿಗೇ ಕೊಟ್ರಿ. ನನ್ನ ಕಡಿಂದ ಅದು ಆಗಾಕಿಲ್ಲ. ಬೇಕಾದ್ರ ನಾ ಹಿಂಗೇ ಇರ್ತೀನಿ."

ಯಶೋಧಾ ಆಗ ಎದ್ದಳು. ನಾದಿನಿ ತಂದಿದ್ದ ತಟ್ಟೆಯನ್ನು ಎರಡೂ ಕೈಯಿಂದ ಎತ್ತಿ, ಅವಮಾನವಾಗದ ಹಾಗೆ, ಅವಳ ಮಡಿಲಿಗೆ ಹಿಂದಕ್ಕೆ ಇಟ್ಟಳು.

"ನನ್ನ ಮಗಳು ಒಲ್ಲೆ ಅಂದಾಳ್ರಿ," ಎಂದಳು. "ಮುಗೀತು."

ಬಾಗಿಲ ಹೊರಗೆ ಬೈಕಿನ ಮೇಲೆ ಕುಳಿತಿದ್ದ ಶರಣಕುಮಾರ ಒಳಗಿನ ಮಾತೆಲ್ಲ ಕೇಳಿದ್ದ. ತಾಯಿ ಹೊರಗೆ ಬಂದು ಅವನ ಮೇಲೆ ಹರಿಹಾಯ್ದಳು, ನೀನಾದರೂ ಒಂದು ಮಾತು ಆಡಬಾರದೇ ಎಂದು. ಅಕಿ ಹೇಳೋದು ಬರೋಬರ್ ಅದ ಎಂದು ಅವನು ಬೈಕು ಶುರು ಮಾಡಿದ.

ದೀಪಾವಳಿ ಕಳೆದ ಮೇಲೆ ಅವನಿಗೆ ಸಿರ್ಗಾಪುರದ ಹುಡುಗಿ ಗೊತ್ತಾದಳು, ಹೆಸರು ಶಿಲ್ಪಾರಾಣಿ, ಬಳಗದ ನಂಟಿಲ್ಲದ ಮನೆ. ನೋಡಲು ಹೋದ ದಿನವೇ ಶರಣಕುಮಾರ ತನ್ನ ಅಂಕಿ, ಗುಳಿಗೆ ಎರಡನ್ನೂ ಹುಡುಗಿಯ ಎದುರೇ ಹೇಳಿದನಂತೆ. ಅವಳೂ ರಕ್ತ ಕೊಟ್ಟಳು, ಸರಿಯಾಗಿತ್ತು. ಕೈ ಹಿಡಿಯುವ ಶಾಸ್ತ್ರ ಆಗಲಿಲ್ಲ. ಮಗನಿಗೆ ಅದು ಅವಳಿಂದಲೇ ಬಂದಿರಬೇಕಾದರೂ ಮೈಸಮ್ಮ ಮಾತ್ರ ಇವತ್ತಿನವರೆಗೆ ರಕ್ತ ಕೊಟ್ಟಿಲ್ಲ, ತಾಂಡೂರಿನ ಮನೆಯ ಜೊತೆ ಮಾತೂ ಇಲ್ಲ.

ಮದುವೆ ನಾರಾಯಣಖೇಡದ ಫಂಕ್ಷನ್ ಹಾಲಿನಲ್ಲಿ ನಡೆಯಿತು. ಸ್ವರೂಪಾಳ ಮನೆಗೆ ಕರೆ ಬರಲಿಲ್ಲ. ಅವಳು ಕಚೇರಿಗೆ ರಜೆ ಹಾಕಿ, ಅವ್ವನನ್ನು ಕರೆದುಕೊಂಡು ಹೋಗಿ, ಮುಂದಿನ ಸಾಲಿನಲ್ಲಿ ಕುಳಿತು, ಉಂಡು ಬಂದಳು.